ಹಿನ್ನೀರು ನಿಮ್ಮದೂ ಹೌದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಡುಗಿಯರೇ, ನಿಮ್ಮಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ? ತುಂಗೆ ಶೃಂಗೇರಿಯ ಮೆಟ್ಟಿಲು ಸವರಿಕೊಂಡೇ ಹರಿಯುತ್ತಾಳೆ. ಭದ್ರೆ ಬಾಳೆಹೊನ್ನೂರು ದಾಟಿ ಎನ್.ಆರ್.ಪುರದ ಮಗ್ಗುಲಲ್ಲಿ ಹಿನ್ನೀರಾಗಿ ಹರಡುತ್ತಾಳೆ. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನೀರು 186 ಅಡಿ ಮುಟ್ಟಿದ ವರ್ಷ ಕಣ್ಣು ಹಾಯುವಷ್ಟೂ ನೀರೇ. ಅಣ್ಣತಮ್ಮಂದಿರು ಹೊಳೆಗೆ ಹಾರಿ ಈಜು ಕಲಿತರು. ನಿಮ್ಮ ಪಾಲಿಗೆ ಬಂದದ್ದು ಬಟ್ಟೆ ಒಗೆಯುವ ಕಲ್ಲು, ಇಲ್ಲವೇ ಬಸ್ಸಿನ ಕಿಟಕಿ.

ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಬರುವವರಿಗೆ, ಉಂಬಳ ಕಿತ್ತೆಸೆದು ಗದ್ದೆಗಿಳಿಯುವವರಿಗೆ ಧೈರ್ಯದ ಪಾಠ ಹೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಆದರೆ ಸೌದೆ ತರುವ, ದನ ಹುಡುಕುವ ನೆಪವಿಲ್ಲದೆ ಕಾಡಿಗೆ ಹೋಗಿ, ನೀರಿನ ದಡದಲ್ಲಿ ಡೇರೆ ಹೊಡೆದು, ರಾತ್ರಿ ಗೆಳತಿಯರೊಂದಿಗೆ ಅಲ್ಲೇ ಮಲಗುವ ಸುಖ ನಿಮಗೆ ಯಾರೂ ಕೊಟ್ಟಿಲ್ಲ. ಅದನ್ನು ಕೇಳಿ ಪಡೆಯಬೇಕು.

ಕೇಳಿದವರಿದ್ದಾರೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಸ್ಕೌಟ್ ಹುಡುಗರ ಮೇಳಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು, ನಾವೂ ಸ್ಕೌಟುಗಳೇ ಎಂದು ನಿಂತರು. ಮರುವರ್ಷ ಗೈಡ್ ಚಳವಳಿ ಹುಟ್ಟಿತು, 1911ರಲ್ಲಿ ಜಬಲ್ಪುರಕ್ಕೂ ಬಂತು. ನಮ್ಮ ರಾಜ್ಯದ ಗೈಡುಗಳಿಗೆ ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಪಕ್ಕದಲ್ಲೇ ತರಬೇತಿ ಕೇಂದ್ರವಿದೆ. ಬಯಲುಸೀಮೆಯವರು ಒಂದು ಕೆರೆ ನೆಚ್ಚಿಕೊಂಡು ಅಷ್ಟು ಮಾಡಿದ್ದಾರೆ. ಭದ್ರೆಯನ್ನೇ ಬಗಲಲ್ಲಿ ಇಟ್ಟುಕೊಂಡ ನಾವು ಏನು ಮಾಡುತ್ತಿದ್ದೇವೆ?

ನಾವೂ ಹಿನ್ನೀರಿನ ದಡದಲ್ಲಿ ಗೈಡ್ ಶಿಬಿರ ಹೂಡೋಣ. ನನ್ನ ಲೆಕ್ಕದಲ್ಲಿ ಅದಕ್ಕೆ ದಸರಾ ರಜೆಯೇ ಸರಿ. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಕಾಲ. ಬೇಸಿಗೆ ಮುಗಿಯುವವರೆಗೂ ಕಾಡಿನ ತರಗೆಲೆಯ ಮೇಲೆ ಕೂರುವುದೇ ಅಪಾಯ, ಉಣುಗು ಹತ್ತುತ್ತದೆ. ಬೇಸಿಗೆಯಲ್ಲಿ ನೀರಿಳಿದು ಮೇಲೆದ್ದ ನಡುಗಡ್ಡೆಗಳ ಬರಿನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಆಗ ಅಲ್ಲಿ ಕಾಲಿಡುವುದೂ ತಪ್ಪು. ಆಚೆ ದಡದ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಹಾಗಾಗಿ ಈಚೆ ದಡದಲ್ಲೇ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಡೇರೆ ಹಾಕಿ. ಲೈಫ್ ಜಾಕೆಟ್ ಇಲ್ಲದೆ, ಈಜು ಕಲಿಸುವವರಿಲ್ಲದೆ ಯಾರೂ ನೀರಿಗಿಳಿಯಬೇಡಿ. ತಳದಲ್ಲಿ ಮುಳುಗಿದ ಮರದ ಬುಡಗಳಿರುತ್ತವೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲೇ ಇದೆ.

ಅಡುಗೆ ನಿಮಗೆ ಬರುತ್ತದೆ, ಆ ಪಾಠ ಬಿಡಿ. ಹಗ್ಗಕ್ಕೆ ಗಂಟು ಹಾಕಲು, ನಕ್ಷೆ ಓದಲು, ತೆಪ್ಪ ಕಟ್ಟಲು, ಮುಳುಗುವವರನ್ನು ಎಳೆದು ತರಲು ಕಲಿಯಿರಿ.

ಮನೆಯಲ್ಲಿ ಬೇಡ ಅಂದೇ ಅನ್ನುತ್ತಾರೆ. ಶಿಬಿರದಲ್ಲಿ ರಾತ್ರಿ ಜೊತೆಗಿರುವ ಗೈಡ್ ಕ್ಯಾಪ್ಟನ್ ಹೆಂಗಸೇ ಎಂದು ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಅಮ್ಮನನ್ನೇ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಶಾಲೆಯಲ್ಲಿ ಗೈಡ್ ದಳವಿಲ್ಲವೇ? ಆರೆಂಟು ಗೆಳತಿಯರು ಸೇರಿದರೆ ಒಂದು ಪೆಟ್ರೋಲ್, ಅಂದರೆ ದಳದೊಳಗಿನ ಒಂದು ತುಕಡಿ, ಆಗುತ್ತದೆ. ಹೆಸರು ಬರೆದ ಹಾಳೆ ಹಿಡಿದು ಸೋಮವಾರವೇ ಹೆಡ್‌ಮಾಸ್ಟರ ಮುಂದೆ ಹೋಗಿ ನಿಲ್ಲಿ.