ಚಹಾದ ಘಮ ಅಳೆಯುವ ಮೂಗು

ಐಮಂಗಲದ ಹೆದ್ದಾರಿ ಬದಿಯಲ್ಲಿ ಚಹಾ ಕುದಿಯುತ್ತಿದ್ದರೆ ದಾರಿಹೋಕನ ಕಾಲು ತಾನಾಗಿ ನಿಲ್ಲುತ್ತದೆ. ನಾಲಗೆಗಿಂತ ಮೊದಲು ತೀರ್ಪು ಕೊಡುವುದು ಮೂಗು. ಹರಾಜಿನಲ್ಲಿ ಚಹಾದ ಬೆಲೆಯೂ ಬಹುಮಟ್ಟಿಗೆ ರುಚಿ ನೋಡುವವರ ಮಾತಿನ ಮೇಲೆ ನಿಂತಿದೆ. ಅವರಿಗೆ ನೆಗಡಿಯಾದರೆ?

1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸೌಡ್ ಮತ್ತು ಜಾರ್ಜ್ ಡಾಡ್ ಮೂಗನ್ನು ಅನುಕರಿಸುವ ಸಾಧನವೊಂದನ್ನು ತೋರಿಸಿಕೊಟ್ಟರು. ಇಂಥ ಎಲೆಕ್ಟ್ರಾನಿಕ್ ಮೂಗಿನಲ್ಲಿ ಹಲವು ಸಂವೇದಕಗಳಿರುತ್ತವೆ. ಆವಿ ತಗುಲಿದಾಗ ಒಂದೊಂದರ ವಿದ್ಯುತ್ ರೋಧವೂ ಒಂದೊಂದು ಪ್ರಮಾಣದಲ್ಲಿ ಬದಲಾಗುತ್ತದೆ; ಆ ಒಟ್ಟು ನಕ್ಷೆಯೇ ವಾಸನೆಯ ಗುರುತು. ಭಾರತದಲ್ಲಿ ಕೋಲ್ಕತ್ತದ ಸಿ-ಡ್ಯಾಕ್ ಚಹಾಕ್ಕಾಗಿಯೇ ಇಂಥದೊಂದನ್ನು ರೂಪಿಸಿತು.

ಆದರೆ ಯಾವುದು ಒಳ್ಳೆಯ ಪರಿಮಳವೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ನುರಿತವರು ಅಂಕ ಕೊಟ್ಟ ಮಾದರಿಗಳಿಂದಲೇ ಅದು ಕಲಿಯಬೇಕು. ಗಾಳಿಯ ತೇವಕ್ಕೆ ದಾರಿ ತಪ್ಪುವುದೂ ಉಂಟು. ಹೀಗಾಗಿ ರುಚಿ ನೋಡುವವರ ಅಗತ್ಯ ತಪ್ಪದು. ಬೆಳೆಗಾರನಿಗೆ ಮಾತ್ರ ಅವರ ತೀರ್ಪನ್ನು ತಾಳೆ ನೋಡಲು ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು.