ಹಲಗೆಯ ಮೇಲಿಲ್ಲದ ಹೆಸರು

(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಚಂದಾ ಕೊಟ್ಟು, ಬಾವುಟ ಹೊತ್ತು, ಮುಷ್ಕರದಲ್ಲಿ ಉಪವಾಸ ಬಿದ್ದವನ ಹೆಸರನ್ನು ಸದಸ್ಯರ ಪಟ್ಟಿಗೆ ಸೇರಿಸದಿದ್ದರೆ ನಾವು ಅದನ್ನು ಅನ್ಯಾಯವೆನ್ನುತ್ತೇವೆ. ಇಂದು ನಾವು ಹೇಳಹೊರಟಿರುವುದೂ ಅಂಥದೇ ಒಂದು ಅನ್ಯಾಯವನ್ನು ಕುರಿತು. ಗಂಡು ಹೆಣ್ಣು ಇಬ್ಬರಲ್ಲಿಯೂ ಒಲವು ಹುಟ್ಟುವ ಜನ ಲೋಕದಲ್ಲಿದ್ದಾರೆ. ಅವರನ್ನು ದ್ವಿಲಿಂಗಾಸಕ್ತರು ಎನ್ನುತ್ತಾರೆ. ನಗುವವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಅಮೆರಿಕದ ಕಥೆ ನೋಡಿ. 1969ರ ಜೂನಿನಲ್ಲಿ ನ್ಯೂಯಾರ್ಕ್ ನಗರದ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ ಪೊಲೀಸರು ದಾಳಿಯಿಟ್ಟಾಗ ಸಲಿಂಗಪ್ರೇಮಿಗಳು ತಿರುಗಿಬಿದ್ದರು. ಮರುವರ್ಷ ಅದರ ನೆನಪಿಗಾಗಿ ಹೊರಟ ಮೆರವಣಿಗೆಯನ್ನು ಸಂಘಟಿಸಿದವರಲ್ಲಿ ಬ್ರೆಂಡಾ ಹೋವರ್ಡ್ ಒಬ್ಬರು. ಆಕೆ ದ್ವಿಲಿಂಗಾಸಕ್ತೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮಹಾಮೆರವಣಿಗೆ ನಡೆದಾಗ ದ್ವಿಲಿಂಗಾಸಕ್ತರು ತಮ್ಮದೇ ತಂಡ ಕಟ್ಟಿಕೊಂಡು ನಡೆದರು. ಆದರೆ ಮೆರವಣಿಗೆಯ ಹೆಸರಿನಲ್ಲಿ ಅವರಿಗೆ ಜಾಗವಿರಲಿಲ್ಲ. 1990ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಷ್ಟ್ರೀಯ ಸಮ್ಮೇಳನ ಕೂಡಿದರು. 1993ರ ಏಪ್ರಿಲ್ 25ರ ಮೆರವಣಿಗೆಯ ಹೆಸರಿಗೆ 'ಬೈ' ಎಂಬುದು ಸೇರಿತು. ಅದೂ ಪೂರ್ತಿ ಪದವಲ್ಲ. ನಮ್ಮ ಲಿಪಿಯಲ್ಲಿ ಬರೆದರೆ ಒಂದೇ ಅಕ್ಷರ. ಆ ಒಂದಕ್ಷರಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆ ಬೇಕಾಯಿತು.

ಏಕೆ ಹೀಗಾಯಿತು? ಇವರು ಎರಡು ದೋಣಿಯ ಮೇಲೆ ಕಾಲಿಟ್ಟವರು ಎಂದು ಒಳಗಿನವರೂ ಹೊರಗಿನವರೂ ಸಂಶಯಪಟ್ಟರು. ಹೆಣ್ಣನ್ನು ಮದುವೆಯಾದ ಗಂಡಸನ್ನು 'ಎಲ್ಲರಂತೆ' ಎಂದುಕೊಂಡರು. ಗಂಡಿನ ಜೊತೆ ಬಾಳುವವನನ್ನು ಸಲಿಂಗಪ್ರೇಮಿ ಎಂದುಕೊಂಡರು. ಹೀಗೆ ಎರಡು ಕಡೆಯ ಲೆಕ್ಕದಲ್ಲೂ ಮನುಷ್ಯ ಮಾಯವಾದ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2021ರಲ್ಲಿ ಕೇಳಿದಾಗ, ತಮ್ಮನ್ನು ಲೈಂಗಿಕ ಅಲ್ಪಸಂಖ್ಯಾತರೆಂದು ಹೇಳಿಕೊಂಡವರಲ್ಲಿ ನೂರಕ್ಕೆ 57 ಮಂದಿ ದ್ವಿಲಿಂಗಾಸಕ್ತರೇ. ಆದರೆ ಪ್ಯೂ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಮ್ಮ ಆಪ್ತರಲ್ಲಿ ಎಲ್ಲರಿಗೂ ಅಥವಾ ಹೆಚ್ಚಿನವರಿಗೆ ವಿಷಯ ಗೊತ್ತೆಂದವರು ಸಲಿಂಗಪ್ರೇಮಿಗಳಲ್ಲಿ ನೂರಕ್ಕೆ 75, ದ್ವಿಲಿಂಗಾಸಕ್ತರಲ್ಲಿ ಬರೀ 19. ಸಂಖ್ಯೆಯಲ್ಲಿ ಹೆಚ್ಚಿದ್ದವರೇ ಹೆಚ್ಚು ಅಡಗಿಕೊಂಡಿದ್ದರು.

ಕೂಲಿ, ಬೋನಸ್ಸು, ಬಾಡಿಗೆ, ತೆರಿಗೆಗಳ ಹೋರಾಟದ ನಡುವೆ ಇದೇಕೆ ಎಂದು ನೀವು ಕೇಳಬಹುದು. ಮುಚ್ಚಿಟ್ಟ ಗುಟ್ಟಿರುವ ಮನುಷ್ಯ ಹೆದರಿ ಬದುಕುತ್ತಾನೆ. ಆ ಗುಟ್ಟು ತಿಳಿದ ಮೇಸ್ತ್ರಿ ಅವನನ್ನು ಮುಷ್ಕರದಿಂದ ಹಿಂದೆಗೆಸಬಲ್ಲ. ಅದು ತಿಳಿದ ಸಾಲಗಾರ ಅಂಗಡಿಯವನಿಂದ ಇಮ್ಮಡಿ ಬಡ್ಡಿ ಕೀಳಬಲ್ಲ. ಒಬ್ಬನ ಭಯ ಇಡೀ ಸಂಘದ ದೌರ್ಬಲ್ಯ.

ನಮ್ಮ ದೇಶದಲ್ಲಿ ಕಾನೂನಿನ ಭಯ ನೀಗಿದೆ. ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ದಂಡಸಂಹಿತೆಯಲ್ಲಿ ಆ ಹಳೆಯ 377ನೆಯ ಕಲಮೇ ಇಲ್ಲ. ಆದರೆ ಸಂಘದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸುವುದು ಕೋರ್ಟಿನ ಕೆಲಸವಲ್ಲ, ನಮ್ಮ ಕೆಲಸ.

ಆದುದರಿಂದ ಕಾರ್ಮಿಕ ಸಂಘ, ವರ್ತಕರ ಸಂಘ, ಸಹಕಾರ ಸಂಘಗಳು ಕೆಲವು ಸರಳ ಕೆಲಸಗಳನ್ನು ಮಾಡಲಿ. ಯಾರ ಒಲವು ಯಾರ ಮೇಲಿದ್ದರೂ ಭೇದವೆಣಿಸುವುದಿಲ್ಲವೆಂದು ನಿಯಮಾವಳಿಯಲ್ಲಿ ಬರೆಯಲಿ. ದ್ವಿಲಿಂಗಾಸಕ್ತರೆಂಬ ಹೆಸರನ್ನೂ ಅದರಲ್ಲಿ ಬಿಡಿಸಿ ಬರೆಯಲಿ. ದುಡಿಯುವವರಿಗೆ ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ಕೊಡಲಿ. 'ನೀನು ಈ ಕಡೆಯೋ, ಆ ಕಡೆಯೋ' ಎಂದು ಪುರಾವೆ ಕೇಳದಿರಲಿ. ಒಬ್ಬರು ನಂಬಿ ಹೇಳಿದ ಮಾತನ್ನು ಚಹಾದ ಅಂಗಡಿಯಲ್ಲಿ ಯಾರೂ ಹರಡದಿರಲಿ.

ಹೇಳಿಕೊಳ್ಳಬೇಕೆಂದು ಯಾರನ್ನೂ ಒತ್ತಾಯಿಸಕೂಡದು. ಆದರೆ ಹೇಳಿಕೊಂಡವರ ಅನ್ನಕ್ಕೆ ಕಲ್ಲು ಬೀಳದಂತೆ ಸಂಘ ಅವರ ಬೆನ್ನಿಗೆ ನಿಲ್ಲಬೇಕು. ಮುಂದಿನ ಮಹಾಸಭೆಯಲ್ಲಿ ಈ ಠರಾವನ್ನು ನಾವೇ ಮಂಡಿಸೋಣ, ನಾವೇ ಕೈಯೆತ್ತೋಣ.