ಪೆಟ್ಟಿಗೆ ಇರಲಿ, ಬಾಗಿಲು ಬದಲಾಗಲಿ



ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಕಮಲಾಪುರದ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಶುರುವಾಗುತ್ತದೆ. ಪಡಸಾಲೆ ಮುಗಿದ ಮೇಲೆ ಅಡಿಗೆಮನೆಯ ಸರದಿ. ‘ಈ ಸಲ ಆ ಹಳೇ ಕಪಾಟು ತೆಗೆಸಿ ಹೊಸದು ಮಾಡಿಸಿಬಿಡೋಣ್ರಿ’ ಎಂದು ಮನೆಯಾಕೆ ಅನ್ನುತ್ತಾರೆ. ಗಂಡ ಹೆಂಡತಿ ಹೊಸಪೇಟೆಗೆ ಹೋಗಿ, ಅಂಗಡಿಯಲ್ಲಿ ಜೋಡಿಸಿಟ್ಟ ಮಾಡ್ಯುಲರ್ ಕಿಚನ್ ನೋಡಿ, ಬೆಲೆ ಕೇಳಿ, ಮಂಡಕ್ಕಿ ಒಗ್ಗರಣೆ ತಿಂದು ವಾಪಸು ಬರುತ್ತಾರೆ. ಮಾತು ಯುಗಾದಿಗೆ ಮುಂದಕ್ಕೆ ಹೋಗುತ್ತದೆ.

ನನ್ನನ್ನು ಕೇಳಿದರೆ, ಅವರು ಬರಿಗೈಯಲ್ಲಿ ಬಂದದ್ದೇ ಒಳ್ಳೆಯದಾಯಿತು. ನಮ್ಮ ಕಡೆಯ ಮೂವತ್ತು ನಲವತ್ತು ವರ್ಷದ ಮನೆಗಳಲ್ಲಿ ಕಟ್ಟೆಯ ಕೆಳಗೆ ಇಣುಕಿ ನೋಡಿ. ಇಟ್ಟಿಗೆಯ ಸಣ್ಣ ಗೋಡೆಗಳು, ಅವುಗಳ ನಡುವೆ ಗಾರೆ ಹಾಕಿ ಕೂರಿಸಿದ ಕಡಪಾ ಬಂಡೆ. ಮುಂದೆ ಜಿಡ್ಡು ಹಿಡಿದ ಬಾಗಿಲು, ಇಲ್ಲವೇ ಹಳೇ ಸೀರೆಯ ಪರದೆ. ಕಣ್ಣಿಗೆ ಹಳತಾಗಿ ಕಾಣುವುದು ಆ ಬಾಗಿಲು, ಆ ಪರದೆ. ಬಂಡೆಗೆ ಏನೂ ಆಗಿರುವುದಿಲ್ಲ. ನೀರು ಬಿದ್ದರೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ತುಂಬಿದ ಜೋಳದ ಡಬ್ಬಿ ಇಟ್ಟರೂ ಬಾಗುವುದಿಲ್ಲ. ಸುಣ್ಣದ ಕಲ್ಲಾದ್ದರಿಂದ ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಕಲೆ ಉಳಿಯುತ್ತದೆ, ಅಷ್ಟೇ. ಇದನ್ನು ಒಡೆಸಿ ಹಾಕಿ, ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆ ತರುವುದು ನಷ್ಟದ ವ್ಯಾಪಾರ.

ಲೆಕ್ಕವನ್ನೂ ಹಾಕೋಣ. ಕಟ್ಟೆ 10 ಅಡಿ ಉದ್ದ, ಅದರ ಕೆಳಗಿನ ಎತ್ತರ ಎರಡೂವರೆ ಅಡಿ ಎಂದುಕೊಳ್ಳಿ. ಮುಂಭಾಗ 25 ಚದರ ಅಡಿ. ಪ್ಲೈವುಡ್ಡಿನ ಒಂದು ಹಾಳೆ ಎಂಟಕ್ಕೆ ನಾಲ್ಕು ಅಡಿ, ಅಂದರೆ 32 ಚದರ ಅಡಿ. ಬಾಗಿಲು ಮಾತ್ರ ಹೊಸದು ಮಾಡಿಸಿದರೆ ಒಂದೇ ಹಾಳೆಯಲ್ಲಿ ಕೆಲಸ ಮುಗಿಯುತ್ತದೆ. ತಳ, ಬದಿ, ಬೆನ್ನು, ನಡುವಿನ ಹಲಗೆ ಎಲ್ಲ ಹೊಸದಾಗಬೇಕೆಂದರೆ ನಾಲ್ಕು ಹಾಳೆಯಾದರೂ ಬೇಕು. ಬಡಿಗರ ಕೂಲಿಯೂ ಅದೇ ಲೆಕ್ಕದಲ್ಲಿ ಏರುತ್ತದೆ. ಒಡೆಯುವ ಕೆಲಸಕ್ಕೆ ನಮ್ಮ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಹಂಪಿಯ ಸುತ್ತ ಸ್ಮಾರಕವಿಲ್ಲದ ಜಾಗ ಹುಡುಕುವುದೇ ಕಷ್ಟ. ಗೋಡೆಗೆ ಕೈಹಾಕಿದರೆ ಕಾಗದಪತ್ರ ಹಿಡಿದು ಓಡಾಡಬೇಕಾದೀತು. ಬಾಗಿಲಿಗೆ ಬಣ್ಣ ಹಚ್ಚುವುದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಅಂಗಡಿಯ ಥಳುಕು ನೋಡಿ ಈ ಜೋಡಿಸಿದ ಅಡಿಗೆಮನೆ ಶ್ರೀಮಂತರಿಗಾಗಿ ಹುಟ್ಟಿದ್ದು ಅಂದುಕೊಳ್ಳುತ್ತೇವೆ. ಆದರೆ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರಸಭೆ ಕಟ್ಟಿಸುತ್ತಿದ್ದ ಅಗ್ಗದ ಮನೆಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳೆ ಇದರ ಮೊದಲ ಮಾದರಿ ರೂಪಿಸಿದರು. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಿದರು. ಬಾಗಿಲುಗಳಿಗೆ ನೀಲಿ ಬಣ್ಣ ಹಚ್ಚಿಸಿದ್ದು ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದಂತೆ. ನಮ್ಮ ನೊಣಗಳಿಗೆ ಆ ವಿಷಯ ತಿಳಿದಿದೆಯೋ ಇಲ್ಲವೋ!

ಇರಲಿ, ಕೆಲಸಕ್ಕೆ ಬರೋಣ. ಮರದ ಕಪಾಟಾದರೆ ಬಣ್ಣದ ಡಬ್ಬಿ ತರುವ ಮೊದಲು ಒಂದು ಚೂಪಾದ ಮೊಳೆ ಹಿಡಿದು ಚೌಕಟ್ಟಿನ ಬುಡವನ್ನು ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಅಲ್ಲಿ ಗೆದ್ದಲಿದೆ ಅಥವಾ ಮರ ಕೊಳೆತಿದೆ. ಗದ್ದೆ, ಕೆರೆ, ಕಾಲುವೆ ಹತ್ತಿರದ ಮನೆಗಳಲ್ಲಿ ಗೋಡೆಯ ತೇವ ಹಿಡಿದೇ ಗೆದ್ದಲು ಬರುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆ ಕಂಡರೆ ಮೊದಲು ಅದಕ್ಕೆ ಔಷಧ ಹೊಡೆಸಬೇಕು. ಸಿಂಕಿನ ಕೆಳಗಿನ ಪಾರ್ಟಿಕಲ್ ಬೋರ್ಡು ಉಬ್ಬಿದ್ದರೆ ಅದು ಮತ್ತೆ ಸರಿಹೋಗುವುದಿಲ್ಲ. ಆ ಒಂದು ಹಲಗೆ ಕಿತ್ತು, ಅಲ್ಲಿಗೆ ಕಡಪಾ ಬಂಡೆಯನ್ನೇ ಕೊಯ್ಯಿಸಿ ಹಾಕಿಸಿ. ಹೊಸ ಪ್ಲೈವುಡ್ ತರುವಾಗ ಹಾಳೆಯ ಮೇಲಿನ ಮುದ್ರೆ ಓದಿ: ಐಎಸ್ 710 ಎಂದಿದ್ದರೆ ನೀರಿಗೆ ತಡೆಯುವ ಮರೈನ್ ಪ್ಲೈ, ಸಿಂಕಿನ ಬಾಗಿಲಿಗೆ ಅದೇ ಇರಲಿ. ಉಳಿದ ಬಾಗಿಲುಗಳಿಗೆ ಐಎಸ್ 303 ಸಾಕು.

ಬಾಗಿಲು ಜೋತುಬಿದ್ದಿದೆ ಎಂದು ಬಹಳ ಜನ ಬಾಗಿಲನ್ನೇ ಬದಲಿಸುತ್ತಾರೆ. ತಪ್ಪು ಬಾಗಿಲಿನದಲ್ಲ; ಕೀಲಿನ ಸ್ಕ್ರೂ ಕೂತಿದ್ದ ತೂತು ದೊಡ್ಡದಾಗಿರುತ್ತದೆ. ಸ್ಕ್ರೂ ಬಿಚ್ಚಿ, ಬೆಂಕಿಕಡ್ಡಿಗಳ ಮದ್ದು ಕೆರೆದು ತೆಗೆದು, ಫೆವಿಕಾಲಿನಲ್ಲಿ ಅದ್ದಿ, ತೂತಿನೊಳಗೆ ಎಷ್ಟು ಹಿಡಿಯುತ್ತವೋ ಅಷ್ಟನ್ನು ಒತ್ತಿ ತುಂಬಿ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಹೊರಗೆ ಉಳಿದ ತುದಿಗಳನ್ನು ಮಟ್ಟಸ ಕೊಯ್ದು ಅದೇ ಜಾಗಕ್ಕೆ ಸ್ಕ್ರೂ ತಿರುಗಿಸಿ. ಹೊಸ ಮರಕ್ಕೆ ಕಚ್ಚಿದಷ್ಟೇ ಬಿಗಿಯಾಗಿ ಕಚ್ಚುತ್ತದೆ. ಖರ್ಚು ಒಂದು ಕಡ್ಡಿಪೆಟ್ಟಿಗೆ. ಬಿರುಕು, ಮೊಳೆಯ ಗುಳಿಗಳಿಗೆ ಬಡಿಗರು ಗರಗಸ ಎಳೆದಾಗ ಉದುರಿದ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ಮೆತ್ತುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಗೊಂಬೆಗಳ ಮೈಗೆಲ್ಲ ಮೆತ್ತುವ ‘ಕಿಟ್ಟ’ದ ಹಿಂದಿರುವುದೂ ಇದೇ ಉಪಾಯ, ಅವರು ಗೋಣಿನಾರಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಾರೆ.

ಈಗ ಬಣ್ಣ. ಹಚ್ಚಿದ ಬಣ್ಣ ಆರು ತಿಂಗಳಿಗೇ ಹಪ್ಪಳದಂತೆ ಎದ್ದು ಬಂತು ಎಂದರೆ ಬಣ್ಣದ ಕಂಪನಿಯನ್ನು ಬೈಯುವ ಮೊದಲು ನಮ್ಮ ಒಲೆಯನ್ನು ನೋಡಬೇಕು. ಮೆಣಸಿನಕಾಯಿ ಬಜ್ಜಿ ಇಲ್ಲದೆ ನಮ್ಮಲ್ಲಿ ಮಳೆಗಾಲ ಕಳೆಯುವುದಿಲ್ಲ. ಆ ಎಣ್ಣೆಯ ಹಬೆ ಮೇಲಿನ ಕಪಾಟಿಗೆ ಅಡರಿ ಜಿಡ್ಡಾಗಿ ಕೂತಿರುತ್ತದೆ, ಅದರ ಮೇಲೆ ಸಂಡೂರಿನ ಕಡೆಯಿಂದ ಬಂದ ಕೆಂಪು ಧೂಳು. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ಬಾಗಿಲು ಬಿಚ್ಚಿ, ಯಾವುದು ಎಲ್ಲಿಯದೆಂದು ಕೀಲು ಕೂರುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒರೆಸಿ. ಕೈಗೆ ಗವುಸು ಇರಲಿ. ಆಮೇಲೆ ಸಾದಾ ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಅರ್ಧ ಕೆಲಸ ಇಲ್ಲೇ ಮುಗಿಯಿತು.

ಮುಂದಿನದು 180 ಅಥವಾ 220ರ ಸ್ಯಾಂಡ್‌ಪೇಪರಿನಿಂದ ಉಜ್ಜುವುದು. ಇಲ್ಲಿ ಒಂದು ಎಚ್ಚರ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ. ನೀರು ಚಿಮುಕಿಸಿ, ನೀರಿಗೆ ತಡೆಯುವ ಕಾಗದದಲ್ಲಿ ಉಜ್ಜಿ. ಚಿಕ್ಕ ಮಕ್ಕಳು, ಬಸುರಿಯರು ಆ ಹೊತ್ತಿನಲ್ಲಿ ಮನೆಯಲ್ಲಿ ಇರದಿರುವುದೇ ವಾಸಿ. ಬಳಿಕ ಒಂದು ಕೈ ಪ್ರೈಮರ್, ಎರಡು ಕೈ ಬಣ್ಣ; ತೆಳುವಾಗಿ ಹಚ್ಚಿ, ನಡುವೆ ಪೂರ್ತಿ ಒಣಗಲು ಬಿಡಿ. ಸನ್‌ಮೈಕಾ ಅಂಟಿಸಿದ ಬಾಗಿಲಿಗೆ ಮಾಮೂಲಿ ಪ್ರೈಮರ್ ಹಿಡಿಯುವುದಿಲ್ಲ, ನುಣುಪು ಮೈಗೆಂದೇ ಮಾಡಿದ್ದನ್ನು ಕೇಳಿ ತನ್ನಿ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಈ ಕೆಲಸ ಬೇಡ, ಬ್ರಷ್ ಎಳೆಯುವಷ್ಟರಲ್ಲೇ ಬಣ್ಣ ಬಿಗಿದುಕೊಂಡು ಗೀರು ಉಳಿಯುತ್ತದೆ. ಆಷಾಢದ ಗಾಳಿಯಲ್ಲೂ ಬೇಡ, ಧೂಳು ಕೂರುತ್ತದೆ. ಮಳೆ ಹಿಂದೆ ಸರಿದ ಮೇಲಿನ ತಿಂಗಳುಗಳೇ ಹಿತ. ಮುಟ್ಟಿದರೆ ಅಂಟದಿದ್ದರೂ ಬಣ್ಣ ಒಳಗೆ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಬಲವಾಗಿ ತಿಕ್ಕಬೇಡಿ. ಹಿಡಿಕೆಗಳಿಗೆ ಬೇಕಾದರೆ ನಾಲ್ಕು ಕಾಸು ಹೆಚ್ಚು ಖರ್ಚು ಮಾಡಿ. ದಿನವೂ ಕೈಗೆ ತಾಗುವುದು ಅವೇ.

ಕಡೆಯದಾಗಿ ಸಿಲಿಂಡರ್. ಬಾಗಿಲು ಹೊಸದಾದ ಉಮೇದಿನಲ್ಲಿ ಅದನ್ನೂ ಒಳಗಿಟ್ಟು ಭದ್ರವಾಗಿ ಮುಚ್ಚುವವರಿದ್ದಾರೆ. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಮಡುಗಟ್ಟುತ್ತದೆ. ಸಾಧ್ಯವಿದ್ದರೆ ಆ ಕಂಡಿಯನ್ನು ತೆರೆದೇ ಬಿಡಿ. ಬಾಗಿಲು ಬೇಕೇ ಬೇಕೆಂದರೆ ಬುಡದಲ್ಲೂ ಮೇಲೆಯೂ ಜಾಲರಿಯ ಕಿಂಡಿ ಇರಲಿ, ರೆಗ್ಯುಲೇಟರಿಗೆ ಕೈ ಸಲೀಸಾಗಿ ಹೋಗುವಂತಿರಲಿ. ಹೇಗೂ ಎಲ್ಲ ಬಿಚ್ಚಿಟ್ಟಿರುತ್ತೀರಿ, ಟ್ಯೂಬಿನ ಮೇಲೆ ಮುದ್ರಿಸಿದ ವರ್ಷ ನೋಡಿ. ಐದು ವರ್ಷ ದಾಟಿದ್ದರೆ ಬದಲಿಸಿ.